ಹಲ್ಲು ಕಟ್ಟುವವನು ಕಟ್ಟಿದ ಬಂಡೆಗಾಡಿ

ದೊಡ್ಡ ಕಾರು ಕೊಂಡವನನ್ನು ಯಾರೂ ಏನೂ ಕೇಳುವುದಿಲ್ಲ. ಮೊಳದುದ್ದದ ಕಾರು ಕಟ್ಟುತ್ತಿದ್ದೇನೆ ಅಂದರೆ ಮಾತ್ರ ಊರೆಲ್ಲ ಬಂದು ವಿಚಾರಿಸುತ್ತದೆ, ವಾರಕ್ಕೊಂದು ಪ್ರಸಂಗ ತಾನಾಗಿಯೇ ಬಾಗಿಲಿಗೆ ಬರುತ್ತದೆ.

ನನ್ನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ, ಡಾಕ್ಟರು ಅಳತೆ ತೆಗೆದು ಕಳಿಸಿದರೆ ಹಲ್ಲಿನ ಸೆಟ್ಟು ಮಾಡಿಕೊಡುವವನು. ವಿಜಯನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಪುಟ್ಟ ಲ್ಯಾಬ್, ಮೂಡಲಪಾಳ್ಯದಲ್ಲಿ ಮನೆ. ವಯಸ್ಸು ಐವತ್ತೊಂದು. ಈ ವಯಸ್ಸಿನಲ್ಲಿ ನನಗೆ ಹಿಡಿದ ಹುಚ್ಚಿನ ಹೆಸರು ರಾಕ್ ಕ್ರಾಲರ್. ರಿಮೋಟಿನಿಂದ ನಡೆಸುವ ಪುಟ್ಟ ಗಾಡಿ. ಓಡುವುದು ಅದರ ಕೆಲಸವಲ್ಲ, ಬಂಡೆ ಹತ್ತುವುದು. ಸ್ಪರ್ಧೆಯಲ್ಲಿ ಬಂಡೆಗಳ ನಡುವೆ ಜೋಡಿ ಕಡ್ಡಿಗಳನ್ನು ನೆಟ್ಟು ಗೇಟು ಮಾಡಿರುತ್ತಾರೆ. ಹತ್ತು ಗೇಟು, ಹತ್ತು ನಿಮಿಷ. ಕಡ್ಡಿಗೆ ತಾಗಿದರೆ ದಂಡ, ಗಾಡಿಯನ್ನು ಹಿಂದಕ್ಕೆ ತೆಗೆದರೆ ದಂಡ, ಕೈಯಿಂದ ಮುಟ್ಟಿದರೆ ಎಲ್ಲಕ್ಕಿಂತ ದೊಡ್ಡ ದಂಡ.

ಹೋದ ವರ್ಷ ಅಂಗಡಿಯಿಂದ ತಂದ ಗಾಡಿ ಹಿಡಿದು ಹೋಗಿದ್ದೆ. ಮೂರನೇ ಗೇಟಿನಲ್ಲಿ ಅದು ಜಿರಳೆಯ ಹಾಗೆ ಅಂಗಾತ ಬಿದ್ದು ನಾಲ್ಕು ಗಾಲಿಯನ್ನೂ ಆಕಾಶಕ್ಕೆ ತಿರುಗಿಸಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ ಮಗುಚುವ ಮೊದಲು ಮೂತಿಯೇ ಮಣ್ಣು ಮುಕ್ಕಿತ್ತು. ಅಲ್ಲಿದ್ದ ಒಬ್ಬ ಹುಡುಗ ಬೆನ್ನು ತಟ್ಟಿ, "ಚೆನ್ನಾಗಿ ಟ್ರೈ ಮಾಡಿದ್ರಿ ಅಂಕಲ್" ಅಂದ. ಬೈದಿದ್ದರೆ ಮರೆತುಬಿಡುತ್ತಿದ್ದೆ, ಸಮಾಧಾನ ಮಾಡಿದ್ದನ್ನು ಮರೆಯಲಾಗಲಿಲ್ಲ. ಅವತ್ತೇ ತೀರ್ಮಾನಿಸಿದೆ. ಮುಂದಿನ ವರ್ಷ ನಾನೇ ಕೈಯಾರೆ ಕಟ್ಟಿದ ಗಾಡಿ ತರಬೇಕು, ಹತ್ತೂ ಗೇಟು ದಾಟಬೇಕು. ಗೆಲ್ಲದಿದ್ದರೂ ಪರವಾಗಿಲ್ಲ, ದಾಟಲೇಬೇಕು.

ಯಾರ ಬಾಯಿಗೆ

ಗಾಡಿಯ ಮೈ ಹಗುರವಾಗಿರಬೇಕು, ಬಿದ್ದರೂ ಒಡೆಯಬಾರದು. ನನ್ನ ಕೈಯಲ್ಲಿ ಇಪ್ಪತ್ತೇಳು ವರ್ಷದಿಂದ ಆಡುತ್ತಿರುವ ವಸ್ತು ಒಂದೇ, ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಅಕ್ರಿಲಿಕ್. ಅದನ್ನೇ ತೆಳುವಾಗಿ ಎರಕ ಹೊಯ್ದು ಬಾನೆಟ್ಟು, ಬಾಗಿಲು, ಟಾಪು ಎಲ್ಲ ಮಾಡಿದೆ. ಗಟ್ಟಿಮುಟ್ಟಾಗಿ ಬಂತು. ಬಣ್ಣ ಮಾತ್ರ ಒಸಡಿನದೇ, ಎಳೆ ಗುಲಾಬಿ. ಅದನ್ನು ಮೇಜಿನ ಮೇಲೆ ಒಣಗಲು ಇಟ್ಟಿದ್ದೆ.

ಮುರಿದ ಸೆಟ್ಟು ರಿಪೇರಿಗೆ ಕೊಟ್ಟಿದ್ದ ಹಿರಿಯರೊಬ್ಬರು ಬಸವೇಶ್ವರನಗರದಿಂದ ತಾವೇ ಬಂದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತರು. ಬಾಯಲ್ಲಿ ಹಲ್ಲಿಲ್ಲ, ಕಣ್ಣು ಮಾತ್ರ ಮೇಜಿನ ಮೇಲೆ. ಇದು ಯಾರದು ಎಂದು ಕೈಸನ್ನೆಯಲ್ಲೇ ಕೇಳಿದರು. ಬಂಡೆ ಹತ್ತುವ ಗಾಡಿ, ಸ್ಪರ್ಧೆ, ಗೇಟು ಎಂದೆಲ್ಲ ವಿವರಿಸುವಷ್ಟು ಪುರುಸೊತ್ತಿರಲಿಲ್ಲ. ಸ್ಪೆಷಲ್ ಆರ್ಡರು ಸಾರ್ ಅಂದುಬಿಟ್ಟೆ. ಅವರು ಅದನ್ನು ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ ನೋಡಿದರು. ರಿಪೇರಿಯಾದ ಸೆಟ್ಟನ್ನು ಬಾಯಿಗಿಟ್ಟುಕೊಂಡು ಎರಡು ಸಲ ಕಚ್ಚಿ ನೋಡಿ, ಮೊದಲ ಮಾತೇ ಇದು:

"ನಮ್ಮ ಬೀಗಿತ್ತಿನೂ ನಿಮ್ಮತ್ರಾನೇ ಅಳತೆ ಕೊಟ್ಟಿದಾರಾ?"

ಸ್ಪಂಜು

ಈ ಗಾಡಿಯ ಟೈರಿಗೆ ಗಾಳಿ ಹಾಕುವುದಿಲ್ಲ, ಒಳಗೆ ಸ್ಪಂಜು ತುಂಬುತ್ತಾರೆ. ಸ್ಪಂಜು ಮೆತ್ತಗಾದರೆ ಟೈರು ಮುದ್ದೆಯಾಗುತ್ತದೆ, ಗಟ್ಟಿಯಾದರೆ ಬಂಡೆಯನ್ನು ಹಿಡಿಯುವುದಿಲ್ಲ. ಪಾತ್ರೆ ತಿಕ್ಕುವ ಸ್ಪಂಜು ಹಾಕಿದೆ, ಆಗಲಿಲ್ಲ. ಹಳೇ ಹೆಲ್ಮೆಟ್ಟಿನ ಒಳಗಿನದು ಹಾಕಿದೆ, ಆಗಲಿಲ್ಲ. ಹನ್ನೊಂದು ಥರದ್ದು ಹಾಕಿ ನೋಡಿದ ಮೇಲೆ, ಒಂದು ಭಾನುವಾರ ಮನೆಯ ಸೋಫಾದಲ್ಲಿ ಪೇಪರು ಓದುತ್ತಾ ಕೂತಿದ್ದಾಗ ಜ್ಞಾನೋದಯವಾಯಿತು. ಮೆತ್ತಗೂ ಇಲ್ಲ, ಗಟ್ಟಿಯೂ ಇಲ್ಲ. ನಾನು ಹುಡುಕುತ್ತಿದ್ದ ಸ್ಪಂಜಿನ ಮೇಲೆ ಎಂಟು ವರ್ಷದಿಂದ ನಾನೇ ಕೂತಿದ್ದೆ.

ಹೆಂಡತಿ ತರಕಾರಿಗೆ ಹೋದಾಗ ಕುಶನ್ನಿನ ಜಿಪ್ಪು ತೆಗೆದು, ಹಿಂದಿನ ಮೂಲೆಯಿಂದ ನಾಲ್ಕು ಉಂಗುರಕ್ಕೆ ಬೇಕಾದಷ್ಟು ಕತ್ತರಿಸಿ, ಜಾಗಕ್ಕೆ ಹಳೇ ಪಂಚೆ ತುರುಕಿದೆ. ಟೈರು ಅಮೋಘವಾಗಿ ಬಂತು. ನಾಲ್ಕು ದಿನ ಯಾರಿಗೂ ಗೊತ್ತಾಗಲಿಲ್ಲ.

ಐದನೇ ದಿನ ಹೆಂಡತಿಯ ಅಣ್ಣ ಬಂದರು. ಭಾರೀ ಆಳು. ನೇರ ಹೋಗಿ ಅದೇ ಮೂಲೆಯಲ್ಲಿ ಕೂತರು. ನಿಧಾನವಾಗಿ ಎಡಕ್ಕೆ ವಾಲತೊಡಗಿದರು. ಕಾಫಿ ಲೋಟವೂ ಅವರ ಜೊತೆಗೇ ವಾಲಿತು. ಮರ್ಯಾದಸ್ಥರು, ವಾಲಿಕೊಂಡೇ ಮಗಳ ಕಾಲೇಜಿನ ವಿಷಯ ಮಾತಾಡಿದರು. ಹೆಂಡತಿ ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ. ಅವಳಿಗೆ ಎಲ್ಲ ಅರ್ಥವಾಯಿತು.

"ಬೇಜಾರು ಮಾಡ್ಕೋಬೇಡ ಅಣ್ಣ," ಅಂದಳು. "ಅಲ್ಲೂ ಇವರು ಇಳಿಜಾರು ಪ್ರಾಕ್ಟೀಸ್ ಮಾಡ್ತಾರೆ."

ಭಾರ

ಗಾಡಿ ಹಿಂದಕ್ಕೆ ಮಗುಚದಿರಲು ಮುಂದಿನ ಗಾಲಿಗಳ ಒಳಗೆ ಭಾರ ಬೇಕು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಅದೇ ಸರಿಯಾದ ಲೆಕ್ಕ. ಹಲ್ಲಿನ ಕೆಲಸದಷ್ಟೇ ಕರಾರುವಾಕ್ಕಾಗಿ ನಕ್ಷೆ ಬರೆದು, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಬ್ಬ ಲೇತ್ ಮೇಷ್ಟ್ರಿಗೆ ಎರಡು ಹಿತ್ತಾಳೆ ಉಂಗುರ ಮಾಡಲು ಕೊಟ್ಟೆ. ಅವರ ಕೈಕೆಲಸಕ್ಕೆ ಎಣೆಯಿಲ್ಲ ಎಂದು ಎಲ್ಲರೂ ಹೇಳಿದ್ದರು.

ವಾರ ಬಿಟ್ಟು ಹೋದೆ. ಉಂಗುರಗಳು ಒಡವೆ ಹಾಗೆ ಹೊಳೆಯುತ್ತಿದ್ದವು, ಆದರೆ ಸುತ್ತಲೂ ಹನ್ನೆರಡು ಹನ್ನೆರಡು ತೂತು. ನನ್ನ ನಕ್ಷೆಯಲ್ಲಿ ಒಂದೂ ಇರಲಿಲ್ಲ. ಕೈಗೆತ್ತಿಕೊಂಡರೆ ಅರ್ಧ ಭಾರ ಮಾಯ. ಮೇಷ್ಟ್ರು ಹೆಮ್ಮೆಯಿಂದ, "ನೀವು ಮರ್ತಿದ್ರಿ ಸಾರ್. ಗಾಲಿಗೆ ಅಷ್ಟು ಭಾರ ಹಾಕಿದ್ರೆ ಗಾಡಿ ಎಳೆಯಲ್ಲ. ನಾನೇ ಹಗುರ ಮಾಡಿದೀನಿ," ಅಂದರು.

ಅವರ ಮುಖ ನೋಡಿ ದುಡ್ಡು ಕೊಟ್ಟು ತೆಗೆದುಕೊಂಡೆ. ಮನೆಗೆ ಬಂದು ಹೊಸ ನಕ್ಷೆ ಬರೆದೆ. ಈ ಸಲ ಅಡ್ಡಡ್ಡಲಾಗಿ ಕೆಂಪು ಪೆನ್ನಿನಲ್ಲಿ 'ಭಾರವೇ ಬೇಕು' ಎಂದು ಬರೆದು ಕೊಟ್ಟೆ. ಮೇಷ್ಟ್ರು ಓದಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆಯ್ತು ಸಾರ್, ಮಾಡ್ಕೊಡ್ತೀನಿ. ಎಲ್ಲಿ ಮಾಡಿಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಮಾತ್ರ ಹೇಳ್ಬೇಡಿ."

ಸರ್ವೆ

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಖಾಲಿ ಸೈಟು, ಅದರಲ್ಲಿ ಪಾಯಕ್ಕೆಂದು ಯಾವಾಗಲೋ ತಂದು ಸುರಿದ ಸೈಜುಗಲ್ಲಿನ ಗುಡ್ಡೆ. ಅಣ್ಣ ತಮ್ಮ ಇಬ್ಬರ ನಡುವೆ ಸೈಟು ಹಂಚಿಕೆಯ ಜಗಳ, ವರ್ಷಗಳಿಂದ ಮಾತಿಲ್ಲ. ನನಗೆ ಅವರ ಜಗಳದಿಂದ ಏನಾಗಬೇಕು? ಗುಡ್ಡೆ ಸಿಕ್ಕಿತಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಹೋಗಿ ಕಡ್ಡಿ ನೆಟ್ಟು, ಗಾಡಿ ಹತ್ತಿಸಿ, ಎಲ್ಲಿ ಜಾರಿತು ಎಂದು ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ.

ಮೂರನೇ ದಿನ ಅಣ್ಣ ಬಂದು ಟೀ ಕೊಡಿಸಿದರು. ಒಳ್ಳೆಯ ಮನುಷ್ಯ ಅಂದುಕೊಂಡೆ. ನಾಲ್ಕನೇ ದಿನ ತಮ್ಮ ಬಂದು ಬಾದಾಮಿ ಹಾಲು ಕೊಡಿಸಿದರು. ಇವರೂ ಒಳ್ಳೆಯವರೇ. ಇಬ್ಬರೂ ಒಂದೇ ಮಾತು ಹೇಳಿದರು: ನಮ್ಮ ಕಡೆ ಸ್ವಲ್ಪ ನೋಡಿ ಮಾಡಿ ಸಾರ್. ಅಣ್ಣ ನನ್ನನ್ನು ತಮ್ಮ ಕರೆಸಿದ ಸರ್ವೆಯವನು ಅಂದುಕೊಂಡಿದ್ದರು, ತಮ್ಮ ಅಣ್ಣ ಕರೆಸಿದವನು ಅಂದುಕೊಂಡಿದ್ದರು. ಇದು ಆಟದ ಗಾಡಿ ಎಂದು ಇಬ್ಬರಿಗೂ ಹೇಳಿದೆ. ಐವತ್ತು ದಾಟಿದವನು ಬೆಳಿಗ್ಗೆ ಆರಕ್ಕೆ ಆಟದ ಗಾಡಿ ಹಿಡಿದು ಬರುತ್ತಾನೆ ಎಂಬುದನ್ನು ಇಬ್ಬರೂ ನಂಬಲಿಲ್ಲ.

ಎರಡು ವಾರದಲ್ಲಿ, ನನ್ನ ಸರ್ವೆ ಮಿಷನ್ನು ಏನಾದರೂ ಹೇಳಿಬಿಡುವ ಮೊದಲೇ, ಅಣ್ಣ ತಮ್ಮ ಕೂತು ರಾಜಿಯಾದರು. ಕಲ್ಲೆಲ್ಲ ಎತ್ತಿಸಿ ಪಾಯ ತೋಡಿಸಿದರು, ನನ್ನ ಪ್ರಾಕ್ಟೀಸಿನ ಜಾಗ ಹೋಯಿತು. ಗುದ್ದಲಿ ಪೂಜೆಗೆ ಇಬ್ಬರೂ ಜೊತೆಯಾಗಿ ಬಂದು ಕರೆದರು.

"ತಪ್ಪದೆ ಬನ್ನಿ ಸಾರ್. ಮಿಷನ್ ಮಾತ್ರ ಮನೇಲೇ ಇರ್ಲಿ."

ಹತ್ತನೇ ಗೇಟು

ಸ್ಪರ್ಧೆ ಕೆಂಗೇರಿ ಆಚೆ, ಒಂದು ಬಂಡೆ ಜಾಗದಲ್ಲಿ. ಹೊರಡುವ ಹೊತ್ತಿಗೆ ಅಮ್ಮ ಸೀರೆ ಬದಲಾಯಿಸಿಕೊಂಡು ನಿಂತಿದ್ದಳು. ಅವಳಿಗೆ ಎಪ್ಪತ್ತಾರು, ಮಂಡಿನೋವು. ವರ್ಷವೆಲ್ಲ ನೀನು ಏನು ಉದ್ಧಾರ ಮಾಡಿದೆ ಅಂತ ನೋಡಬೇಕು ಅಂದಳು. ಕರೆದುಕೊಂಡು ಹೋಗಿ ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದೆ.

ನನ್ನ ಸರದಿ ಬಂತು. ಗುಲಾಬಿ ಗಾಡಿ ನೋಡಿ ಒಂದಿಬ್ಬರು ನಕ್ಕರು. ಮೂರನೇ ಗೇಟು ದಾಟಿದ ಮೇಲೆ ನಗು ನಿಂತಿತು. ಒಂಬತ್ತನ್ನೂ ದಾಟಿದೆ. ಹತ್ತನೆಯದು ಒಂದು ಓರೆಬಂಡೆಯ ನೆತ್ತಿಯ ಮೇಲೆ. ಮುಂದಿನ ಗಾಲಿ ಮೇಲಂಚು ಹಿಡಿಯಿತು, ಹಿಂದಿನವು ಜಾರತೊಡಗಿದವು. ಒತ್ತಿದರೆ ಮಗುಚುತ್ತದೆ, ಬಿಟ್ಟರೆ ಉರುಳುತ್ತದೆ. ಅಲ್ಲೇ ಹಿಡಿದು ನಿಲ್ಲಿಸಿದೆ. ತೀರ್ಪುಗಾರ ಇನ್ನು ನಲವತ್ತೇ ಸೆಕೆಂಡು ಅಂದ.

ಆಗ ಬದಿಯಿಂದ ಒಂದು ಸೀರೆಯ ಸೆರಗು ಕಂಡಿತು. ಅಮ್ಮ ಕುಂಟುತ್ತಾ ಬಂದು, ಬಗ್ಗಿ, ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲನ್ನು ಹಿಂದಿನ ಗಾಲಿಯ ಬುಡಕ್ಕೆ ಸಿಕ್ಕಿಸಿದಳು.

"ಗಾಲಿಗೆ ಕಲ್ಲು ಕೊಟ್ಟಿದೀನಿ. ಈಗ ಹತ್ಸು."

ನನ್ನ ಹೆಬ್ಬೆರಳು ನನ್ನನ್ನು ಕೇಳದೆಯೇ ಒತ್ತಿತು. ಗಾಡಿ ಸರ್ರನೆ ಏರಿ ಗೇಟು ದಾಟಿತು.

ಅಜ್ಜಿ, ನೀವು ಗಾಡಿ ಮುಟ್ಟೋ ಹಾಗಿಲ್ಲ ಎಂದು ತೀರ್ಪುಗಾರ ಮೆಲ್ಲಗೆ ಹೇಳಿದ. ಗಾಡಿ ಎಲ್ಲಪ್ಪ ಮುಟ್ಟಿದೆ, ಕಲ್ಲಿನ ಪಕ್ಕ ಕಲ್ಲಿಟ್ಟೆ ಅಂದಳು ಅಮ್ಮ. ಇವನಪ್ಪನ ಲಾರಿ ಏರಿನಲ್ಲಿ ನಿಂತಾಗಲೆಲ್ಲ ಇಳಿದು ಗಾಲಿಗೆ ಕಲ್ಲು ಕೊಡುತ್ತಿದ್ದವಳು ತಾನೇ, ಯಾವ ಪೊಲೀಸೂ ದಂಡ ಹಾಕಿರಲಿಲ್ಲ ಎಂದೂ ಸೇರಿಸಿದಳು. ಮೂವರು ತೀರ್ಪುಗಾರರು ನಿಯಮದ ಹಾಳೆ ತಿರುವಿ ಹಾಕಿದರು. ಚಾಲಕ ಕಲ್ಲು ಸರಿಸಿದರೆ ಏನು ಮಾಡಬೇಕೆಂದು ಬರೆದಿತ್ತು. ಚಾಲಕನ ಅಮ್ಮನ ಬಗ್ಗೆ ಏನೂ ಬರೆದಿರಲಿಲ್ಲ. ಕೊನೆಗೆ, ದಂಡ ಹಾಕಿ ಪೂರ್ತಿ ದಾಟಿದ್ದು ಅಂತಲೇ ಬರೆದುಕೊಳ್ಳೋಣ ಅಂದರು.

ಅಷ್ಟು ಸಾಕಾಗಿತ್ತು ನನಗೆ. ಆದರೆ ದಾಟಿಸಿದ್ದು ಅಮ್ಮ, ನಾನಲ್ಲ. ಮನಸ್ಸು ಒಪ್ಪಲಿಲ್ಲ. "ಅದು ಬೇಡ ಸಾರ್, ಅಳಿಸಿಬಿಡಿ. ಮೊದಲಿಂದ ಇನ್ನೊಂದು ಸಲ ಬಿಡಿ," ಅಂದೆ.

ಬಿಟ್ಟರು. ಅಮ್ಮನನ್ನು ಮಾತ್ರ ಇಬ್ಬರು ತೀರ್ಪುಗಾರರ ನಡುವೆ ಕೂರಿಸಿಕೊಂಡರು. ಮತ್ತೆ ಒಂದನೇ ಗೇಟಿನಿಂದ ಶುರು. ಒಂಬತ್ತು ದಾಟಿ ಅದೇ ಓರೆಬಂಡೆ. ಈ ಸಲ ಒಂದು ಗೇಣು ಎಡಕ್ಕೆ ಹಿಡಿದೆ. ಮುಂದಿನ ಗಾಲಿ ಅಂಚು ಕಚ್ಚಿತು. ಉಸಿರು ಹಿಡಿದು ಕೂದಲೆಳೆಯಷ್ಟು ಒತ್ತಿದೆ, ನಿಲ್ಲಿಸಿದೆ, ಮತ್ತೆ ಕೂದಲೆಳೆಯಷ್ಟು ಒತ್ತಿದೆ. ಹಿಂದಿನ ಗಾಲಿಗಳೂ ಹಿಡಿದವು. ಹನ್ನೊಂದು ಸೆಕೆಂಡು ಉಳಿದಿರುವಾಗ ನನ್ನ ಗಾಡಿ ಹತ್ತನೇ ಗೇಟು ದಾಟಿತು.

ಜನ ಚಪ್ಪಾಳೆ ತಟ್ಟಿದರು. ನಾನು ಅಷ್ಟು ಜನರ ಮುಂದೆ ನಾಚಿಕೆ ಬಿಟ್ಟು ಅತ್ತೆ. ನನಗೆ ಆರನೆಯದೋ ಏಳನೆಯದೋ ಸ್ಥಾನ ಬಂತು, ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಗಾಡಿ ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಕಾಲಬಳಿ ಕೂತೆ, ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾಳೆ ಅಂತ. ಅಮ್ಮ ಮಂಡಿ ನೀವಿಕೊಳ್ಳುತ್ತಾ ನನ್ನ ಕಡೆ ತಿರುಗಿದಳು.

"ಮೊದಲ್ನೇ ಸಲಾನೇ ಹಿಂಗೆ ನೆಟ್ಟಗೆ ಹತ್ಸಿದ್ರೆ, ಈ ಮಂಡಿ ಇಟ್ಕೊಂಡು ನಾನ್ಯಾಕೋ ಎದ್ದು ಬರ್ಬೇಕಿತ್ತು?"