ಚಕ್ಕುಲಿ ಒರಳು ಎಷ್ಟು ಮನೆ ದೂರ?

ನನ್ನ ಹೆಂಡತಿ ಸುಧಾಳ ಅಮ್ಮ ಬಿಟ್ಟುಹೋದ ಹಿತ್ತಾಳೆ ಚಕ್ಕುಲಿ ಒರಳು ನಮ್ಮ ಇಂದಿರಾನಗರದ ಕ್ರಾಸಿನಲ್ಲಿ ಮನೆಯಿಂದ ಮನೆಗೆ ಅಲೆಯುತ್ತಲೇ ಇರುತ್ತದೆ. ಅಷ್ಟಮಿ ಹತ್ತಿರ ಬಂದಾಗ ಅದು ಯಾರ ಮನೆಯಲ್ಲಿದೆ ಎಂಬುದು ಸಾಕ್ಷಾತ್ ಕೃಷ್ಣನಿಗೂ ಗೊತ್ತಿರುವುದಿಲ್ಲ. ಈ ಸಲ ಸಮಸ್ಯೆಯನ್ನು ವೈಜ್ಞಾನಿಕವಾಗಿ ಬಗೆಹರಿಸುವ ಹೊಣೆ ನಾನೇ ಹೊತ್ತೆ. ನಾನು ಕಂಪ್ಯೂಟರ್ ನೆಟ್‌ವರ್ಕ್ ಪಾಠ ಹೇಳುವ ಮೇಷ್ಟ್ರು. ನನ್ನನ್ನು ಬಿಟ್ಟರೆ ಇನ್ಯಾರು!

"ನೋಡು ಸುಧಾ, ಇಂಟರ್‌ನೆಟ್ಟಲ್ಲಿ ದಾರಿ ತೋರಿಸೋ ರೂಟರ್‌ಗಳಿವೆ. ಅವುಗಳಲ್ಲಿ ಕೆಲವು, ಊರಿನ ನಕ್ಷೆ ಇಟ್ಕೊಳ್ಳೋದೇ ಇಲ್ಲ. 'ಆ ಜಾಗ ನಿನಗೆಷ್ಟು ದೂರ?' ಅಂತ ಪಕ್ಕದವರನ್ನ ಕೇಳ್ತವೆ. ಅವರು ಹೇಳಿದ್ದಕ್ಕೆ ಒಂದು ಕೂಡಿಸ್ಕೊಂಡು, ಆ ಲೆಕ್ಕಾನ ಎಲ್ಲಾ ಪಕ್ಕದವರಿಗೂ ಹೇಳ್ತವೆ. ಅಷ್ಟೇ!"

"ಫೋನ್ ಮಾಡಿ ಕೇಳಿದ್ರೆ ಆಗಲ್ವೇನ್ರೀ?"

ವಿಜ್ಞಾನ ಮುಂದುವರಿಯದಿರಲು ಇಂಥ ಪ್ರಶ್ನೆಗಳೇ ಕಾರಣ.

ಅಷ್ಟಮಿಯ ಬೆಳಿಗ್ಗೆ ಪಕ್ಕದ ಮನೆಯ ಪದ್ಮಕ್ಕನಿಗೆ ಕಾಂಪೌಂಡ್ ಗೋಡೆಯ ಮೇಲಿಂದಲೇ ತರಬೇತಿ ಕೊಟ್ಟೆ. ಒರಳು ಅವರ ಆಚೆಮನೆಯ ರುಕ್ಮಿಣಮ್ಮನ ಹತ್ತಿರ ಇತ್ತು. ಪದ್ಮಕ್ಕನಿಗೆ ಒಂದು ಮನೆ ದೂರ. "ಹಾಗಾದ್ರೆ ನಮಗೆ ಎರಡು!" ಎಂದು ನಿಯಮದಂತೆ ಅವರಿಗೂ ತಿಳಿಸಿದೆ. ಆ ಭರವಸೆಯ ಮೇಲೆ ಸುಧಾ ಮಧ್ಯಾಹ್ನ ಹಿಟ್ಟು ಕಲಸಿದಳು. ಸಂಜೆಯ ನೈವೇದ್ಯಕ್ಕೆ ಚಕ್ಕುಲಿ ಆಗಲೇಬೇಕಿತ್ತು.

ಊಟ ಮುಗಿಸಿ ವರಾಂಡದ ಬೆತ್ತದ ಕುರ್ಚಿಯಲ್ಲಿ ಒರಗಿದ್ದೆ. ಹೊಂಗೆ ಮರದ ನೆರಳು, ತಣ್ಣನೆ ಗಾಳಿ, ದೂರದಲ್ಲಿ ಮೆಟ್ರೊ ತೇಲಿಹೋಗುವ ಸದ್ದು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಒರಳು ತಂದ್ಕೊಡ್ರೀ!" ಅಡುಗೆಮನೆಯಿಂದ ಸುಧಾ ಕೂಗಿದಳು.

"ಪದ್ಮಕ್ಕಾ, ಒರಳು ಎಷ್ಟು ದೂರ?" ಕುರ್ಚಿಯಿಂದಲೇ ಕೇಳಿದೆ.

"ಮೂರು, ಮೇಷ್ಟ್ರೇ!"

ಬೆಳಿಗ್ಗೆ ಒಂದಿತ್ತು. ಮುಂದಿನವರು ಯಾರೋ ಒಯ್ದಿರಬೇಕು. "ಹಾಗಾದ್ರೆ ನಮಗೆ ನಾಲ್ಕು!" ಎಂದು ಶಿಸ್ತಾಗಿ ಘೋಷಿಸಿದೆ. ಸ್ವಲ್ಪ ಹೊತ್ತಿಗೆ ಅವರು ಐದು ಎಂದರು. ನಾನು ಆರು ಎಂದೆ. ಏಳಾಯಿತು, ಎಂಟಾಯಿತು. ನಮ್ಮ ಸಾಲಿನಲ್ಲಿ ಇರುವುದೇ ಆರು ಮನೆ!

ಅನುಮಾನ ಬರಬೇಕಾದರೆ ಎಚ್ಚರವಿರಬೇಕಲ್ಲ. ಅರೆನಿದ್ದೆಯಲ್ಲಿ ನಮ್ಮ ಒರಳು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಂಡ್ರೆಡ್ ಫೀಟ್ ರೋಡು ದಾಟಿತು. ಹಲಸೂರು ಕೆರೆಗೆ ಇಳಿದು ಬಾತುಕೋಳಿಯಂತೆ ತೇಲತೊಡಗಿತು. ಎಷ್ಟು ಚೆಂದ ಹೊಳೆಯುತ್ತಿತ್ತು! ಲೆಕ್ಕ ಹದಿನಾರು ಮುಟ್ಟಿದಾಗ, ಒರಳು ಅಷ್ಟು ದೂರ ತೇಲಿತಲ್ಲ ಎಂದು ನನಗೆ ಸಂತೋಷವೇ ಆಯಿತು.

ಸುಧಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಪದ್ಮಕ್ಕಾ, ನಿಮಗೆ ಮೂರು ಅಂತ ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರೇ! ರುಕ್ಮಿಣಮ್ಮನ ಮನೆಗೆ ಬೀಗ ಹಾಕಿದೆ. ಆದ್ರೆ ಮೇಷ್ಟ್ರು 'ನಮಗೆ ಎರಡು' ಅಂತಿದ್ರಲ್ಲ, ಅವರಿಗೆ ಬೇರೆ ದಾರಿ ಗೊತ್ತಿರ್ಬೇಕು ಅಂತ ಒಂದು ಕೂಡಿಸ್ದೆ."

ನನ್ನ ಎರಡು ಬಂದದ್ದೇ ಪದ್ಮಕ್ಕನ ಒಂದರಿಂದ! ಇಲ್ಲದ ಒರಳಿಗೆ ನಾವಿಬ್ಬರೂ ಒಬ್ಬರ ಮಾತು ಒಬ್ಬರು ನಂಬಿ ಕೂಡಿಸುತ್ತಾ ಕೂತಿದ್ದೆವು.

ಸುಧಾ ಫೋನ್ ಮಾಡಿದಳು. ರುಕ್ಮಿಣಮ್ಮ ಒರಳಿನ ಸಮೇತ ಕಲ್ಯಾಣ ನಗರದ ಮಗಳ ಮನೆಯಲ್ಲಿದ್ದರು; ನೈವೇದ್ಯದ ಹೊತ್ತಿಗೆ ಹೋಗಿ ತರುವಂತಿರಲಿಲ್ಲ. "ಬೆಳಿಗ್ಗೇನೇ ಒಂದು ಫೋನ್ ಮಾಡಿದ್ರೆ ಕೊಟ್ಟೇ ಹೊರಡ್ತಿದ್ನಲ್ಲಮ್ಮಾ!"

"ಅಮ್ಮ ಹೋದ್ಮೇಲೂ ಪ್ರತಿ ಅಷ್ಟಮಿಗೆ ಅದರಲ್ಲೇ ಒತ್ತಿದ್ದೆ ಕಣ್ರೀ," ಎಂದಳು ಸುಧಾ, ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

ಈ ರೋಗಕ್ಕೆ ಮದ್ದಿದೆ: ಯಾರಿಂದ ಸುದ್ದಿ ಕೇಳಿದೆಯೋ ಅವರಿಗೇ ಅದನ್ನು ತಿರುಗಿ ಹೇಳಬೇಡ. ಪ್ರತಿವರ್ಷ ಪರೀಕ್ಷೆಯಲ್ಲಿ ಕೇಳುತ್ತೇನೆ. ಬರೆಯದವರಿಗೆ ದಯೆಯಿಲ್ಲದೆ ಸೊನ್ನೆ ಸುತ್ತುತ್ತೇನೆ.

ಆ ಸಂಜೆ ಕೃಷ್ಣನಿಗೆ ಕೋಡುಬಳೆಯೇ ಗತಿಯಾಯಿತು. ಸುಧಾಳ ಪಕ್ಕ ಕೂತು ನಾನೂ ಸುತ್ತಿದೆ. ನನ್ನ ಸೊನ್ನೆಗಳೆಲ್ಲ ಎಣ್ಣೆಯಲ್ಲಿ ಬಿಚ್ಚಿಕೊಂಡವು!