ಹುಲಿಗೇಶ ತಲೆ ಬೋಳಿಸಿಕೊಂಡ ಭಾನುವಾರ

ಭಾನುವಾರ ಬೆಳಿಗ್ಗೆ ಹಾಸಿಗೆ ಮಡಚಲು ಹೋದ ಹುಲಿಗೇಶ ದಿಂಬನ್ನು ಕೈಯಲ್ಲಿ ಹಿಡಿದುಕೊಂಡವನು ಹಾಗೆಯೇ ನಿಂತುಬಿಟ್ಟ. ಕರಿಯ ಕುರಿಯೊಂದು ಅಲ್ಲಿ ಮಲಗಿ ಎದ್ದುಹೋದಂತೆ ದಿಂಬಿನ ತುಂಬ ಕೂದಲು ಬಿದ್ದಿತ್ತು. ಕನ್ನಡಿಯ ಮುಂದೆ ನಿಂತು ಮುಂದಲೆಯ ಮೇಲೆ ಕೈಯಾಡಿಸಿದ. ಉಳಿದವೂ ಸಂತೆ ಮುಗಿದ ಮೇಲೆ ಎದ್ದು ಹೊರಡುವ ಜನರಂತೆ ಬೆರಳಿಗೆ ಹತ್ತಿಕೊಂಡು ಹೊರಟೇಬಿಟ್ಟವು.

"ಅಯ್ಯೋ ಅವ್ವಾ! ಹೋತಲ್ಲ ಎಲ್ಲಾ!"

ಆ ಕೂಗು ಗೋಡೆಯಾಚೆಯ ಮನೆಯಲ್ಲಿದ್ದ ಇಮಾಮಬೀಗೆ ಕೇಳಿತು. ಆಕೆ ಸೆರಗು ಹೊದ್ದುಕೊಂಡು ಓಡಿ ಬಂದಳು.

"ಏನಾತೋ ಬೇಟಾ? ಹಾಲು ಉಕ್ಕಿತೇನು?"

"ಉಕ್ಕಲಿಲ್ಲ ಅಮ್ಮಾ. ಉದುರಿದುವು."

ಹುಲಿಗೇಶ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಮೂವತ್ತು ದಾಟುವುದರೊಳಗೆ ಅವನ ಹಣೆ ನಡುನೆತ್ತಿಯವರೆಗೆ ಏರಿತ್ತು. ಹೆಣ್ಣು ನೋಡಲು ಹೋದಲ್ಲೆಲ್ಲ "ಹಿರೇರು ಬಂದ್ರು, ವರ ಇನ್ನೂ ಬರಲಿಲ್ಲೇನು?" ಎಂದು ಕೇಳುತ್ತಿದ್ದರು. ಕುಷ್ಟಗಿ ಕಡೆಯ ಒಂದು ಮನೆಯಲ್ಲಂತೂ ಹುಡುಗಿಯ ಅಜ್ಜಿಯೇ ಅವನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ್ದಳು. ಅಂದೇ ಅವನು ನಿಶ್ಚಯಿಸಿದ. ಕಾಮಣಿ ರೋಗ ಆಗಿದೆಯೆಂದು ಕಚೇರಿಗೆ ರಜೆ ಹಾಕಿ, ಹುಬ್ಬಳ್ಳಿಗೆ ಹೋಗಿ, ಹಿಂದಲೆಯ ಕೂದಲನ್ನು ಒಂದೊಂದೇ ಕೀಳಿಸಿ ಮುಂದಲೆಗೆ ನೆಡಿಸಿಕೊಂಡು ಬಂದ. ಈ ವಿಷಯ ಗೊತ್ತಿದ್ದದ್ದು ಇಮಾಮಬೀ ಒಬ್ಬಳಿಗೇ. ಆ ದಿನಗಳಲ್ಲಿ ಗಂಜಿ ಕಾಯಿಸಿ ಕೊಟ್ಟವಳು ಅವಳು. ಗಂಗಾವತಿಯ ಗದ್ದೆಗಳಲ್ಲಿ ದುಡಿದು ಬಂದ ಆಕೆ ಅದನ್ನು 'ತಲಿ ನಾಟಿ' ಎಂದು ಕರೆಯುತ್ತಿದ್ದಳು.

ನಾಟಿ ಚೆನ್ನಾಗಿಯೇ ಹಿಡಿದಿತ್ತು. ಎಳೆಗೂದಲು ಸಸಿಯಂತೆ ಎದ್ದು ನಿಂತಾಗ ಹುಲಿಗೇಶ ಒಂದು ಫೋಟೋ ತೆಗೆಸಿಕೊಂಡ. ಮೊಬೈಲೂ ಉದಾರವಾಗಿ ಒಂದಕ್ಕೆರಡು ಮಾಡಿ ತೋರಿಸಿತು. ಆ ಫೋಟೋ ಆನೆಗೊಂದಿಯ ಬಾಳೆ ತೋಟದ ಮುದಿಯಪ್ಪನ ಮನೆ ಮುಟ್ಟಿ, ಅವನ ಕಿರಿಯ ಮಗಳು ಸುನಿತಾಳ ಕೈ ಸೇರಿತ್ತು. ಹುಲಿಗೇಶ ಆಕೆಯೊಡನೆ ಫೋನಿನಲ್ಲಿ ಮಾತಾಡಿದ್ದು ಒಂದೇ ಸಲ. ಗಾಬರಿಯಲ್ಲಿ, ಇಳಿಹೊತ್ತಿನಲ್ಲಿ "ಊಟ ಆತೇನ್ರಿ?" ಎಂದುಬಿಟ್ಟಿದ್ದ. "ಮಧ್ಯಾಹ್ನದ್ದು ಮುಗದೈತ್ರಿ, ರಾತ್ರಿದು ಬಾಕಿ ಐತಿ. ನೀವು ಯಾವುದು ಕೇಳಿದ್ರಿ?" ಎಂದು ಆಕೆ ನಕ್ಕಿದ್ದಳು. ಆ ನಗು ಅವನ ಕಿವಿಯಲ್ಲಿ ಇನ್ನೂ ಕುಳಿತಿತ್ತು. ಇಂಥ ನಗುವಿನ ಮನೆಗೆ ತಾನು ಅಳಿಯನಾದರೆ ಸಾಕು, ದೇವರನ್ನು ಬೇರೇನೂ ಬೇಡೆ ಎಂದುಕೊಂಡಿದ್ದ.

ಆ ಮುದಿಯಪ್ಪ ಇವತ್ತೇ ಮಧ್ಯಾಹ್ನ ವರನನ್ನೂ ಮನೆಯನ್ನೂ ನೋಡಲು ಬರುವವನಿದ್ದ.

ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಹಚ್ಚಿದರೆ ಗಂಟೆ ಬಾರಿಸಿ ಬಾರಿಸಿ ನಿಂತಿತು. ಇಮಾಮಬೀ ಸುಮ್ಮನೆ ಕೂರಲಿಲ್ಲ. "ಹೆದರಬ್ಯಾಡ. ಉಳ್ಳಾಗಡ್ಡಿ ರಸ ಹಚ್ಚಿದ್ರ ಬೇರು ಗಟ್ಟಿ ಆಕ್ಕಾವು" ಎಂದು ಬಟ್ಟಲು ತುಂಬ ಅರೆದು ತಂದಳು. ಅವಳು ತಿಕ್ಕಿದಳು, ಅವನು ಅತ್ತ. ಉಳ್ಳಾಗಡ್ಡಿಗೆ ಅತ್ತನೋ ಕೂದಲಿಗೆ ಅತ್ತನೋ ಅವನಿಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆ ತನ್ನ ಅಂಗೈ ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು:

"ಬೇಟಾ, ನಾ ಹಚ್ಚಾಕತ್ತೀನೋ ಕೀಳಾಕತ್ತೀನೋ ನನಗs ತಿಳೀವಲ್ದು."

ಈಗ ತಲೆ ಕೊಳೆರೋಗ ಬಡಿದ ಗದ್ದೆಯಂತಾಗಿತ್ತು. ಅಲ್ಲೊಂದು ಗುಂಪು, ಇಲ್ಲೊಂದು ಗುಂಪು, ನಡುವೆ ಬಯಲು. ಹುಲಿಗೇಶ ಇಮಾಮಬೀಗೂ ಹೇಳದೆ ತಲೆಗೆ ಟವಲು ಸುತ್ತಿಕೊಂಡು ಬಸ್ ನಿಲ್ದಾಣದ ಹತ್ತಿರದ ಮದಾರಸಾಬನ ಕ್ಷೌರದಂಗಡಿಗೆ ಓಡಿದ.

ಮದಾರಸಾಬ ಟವಲು ಬಿಚ್ಚಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಹಿಂದ ಏನ್ರಿ ಸಾಹೇಬ್ರ ಇದು? ಗುಬ್ಬಿ ಕಾಳು ಹೆಕ್ಕಿ ಹೋದಂಗ ಚುಕ್ಕಿ ಚುಕ್ಕಿ?"

"ಬಿಸಿಲಗುಳ್ಳಿ."

"ಮುಂದಿನದು?"

"ಅದೂ ಬಿಸಿಲಗುಳ್ಳಿನs."

"ಬಿಸಿಲಗುಳ್ಳಿಗೆ ಉಳ್ಳಾಗಡ್ಡಿ ವಾಸನಿ ಇರತೈತೇನ್ರಿ?" ಎಂದು ಮದಾರಸಾಬ ಮೂಗು ಹಿಡಿದುಕೊಂಡ. ಆಮೇಲೆ ಮುಖ ನೋಡಿ ಮರುಗಿದ. "ನನ್ನ ಮಾತ ಕೇಳ್ರಿ. ಅರ್ಧಾ ತಲಿಗೆ ಊರೆಲ್ಲಾ ಪ್ರಶ್ನೆ ಕೇಳತೈತಿ. ಪೂರಾ ತಗಸಿಬಿಡ್ರಿ. ಯಾರರ ಕೇಳಿದ್ರ ಹುಲಿಗೆಮ್ಮಗ ಮುಡಿ ಕೊಟ್ಟೆ ಅನ್ರಿ. ಅಮ್ಮನ ಹೆಸರ ಹೇಳಿದ ಮ್ಯಾಲ ಯಾವ ಮಗ ತಿರುಗಿ ಕೇಳ್ತಾನ?"

ಹುಲಿಗೇಶ ಹಿಂದೆ ಮುಂದೆ ನೋಡಿದ. ಹುಲಿಗೆಮ್ಮನ ಗುಡಿ ಅಲ್ಲೇ ಹತ್ತಿರ ಹುಲಿಗಿಯಲ್ಲಿ. ಅವಳ ಹೆಸರನ್ನೇ ಇವನಿಗೆ ಇಟ್ಟಿದ್ದರು. ಹುಟ್ಟಿದಾಗಿನಿಂದ ಅವಳ ಭಂಡಾರ ಹಚ್ಚಿಕೊಂಡ ಹಣೆ ಇದು. ಆದರೆ ಹೊತ್ತು ಏರುತ್ತಿತ್ತು. ಕುರ್ಚಿಯಲ್ಲಿ ಕುಳಿತೇ ಹುಲಿಗಿಯ ದಿಕ್ಕಿಗೆ ಕೈ ಮುಗಿದ.

"ಅವ್ವಾ, ನಿನ್ನ ಹೆಸರ ಇಟಗೊಂಡಾವ ನಿನ್ನ ಹೆಸರಿನ ಮ್ಯಾಲೇ ಸುಳ್ಳು ಹೇಳಾಕ ಹೊಂಟೀನಿ. ಹೊಟ್ಟ್ಯಾಗ ಹಾಕ್ಕೋ ತಾಯಿ."

ಮದಾರಸಾಬನ ಕತ್ತಿ ಸರ್ರನೆ ಓಡಿತು. ತಲೆ ತೊಳೆದ ಹಿತ್ತಾಳೆ ಕೊಡದಂತೆ ಹೊಳೆಯಿತು.

ಅಂಗಡಿಯಿಂದ ಇಳಿಯುವಾಗ ರಸ್ತೆಯಾಚೆ ಯಂಕೇಶನ ಬೈಕು ಹೋಯಿತು. ಯಂಕೇಶ ಅದೇ ಕಚೇರಿಯವನು, ಪರೋಪಕಾರಿ. ಕಾಲೊನಿಯಲ್ಲಿ ಯಾರಾದರೂ ತೀರಿಕೊಂಡರೆ ಚಟ್ಟದ ಬಿದಿರಿನಿಂದ ಹಿಡಿದು ಬಂದವರ ಚಹದವರೆಗೆ ಅವನದೇ ಮುಂದಾಳತ್ವ. ಅವನು ಹುಲಿಗೇಶನನ್ನು ನೋಡಿದ. ಬೋಳು ತಲೆ, ಬಿಳಿ ಲುಂಗಿ, ಹೆಗಲ ಮೇಲೆ ಟವಲು, ಉಳ್ಳಾಗಡ್ಡಿಗೆ ಕೆಂಪಾದ ಕಣ್ಣು. ಇಂಥ ಹೊತ್ತಿನಲ್ಲಿ ಮನುಷ್ಯನನ್ನು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸಬಾರದೆಂಬ ಸೂಕ್ಷ್ಮ ಅವನಿಗಿತ್ತು. ಬೈಕು ನಿಲ್ಲಿಸದೆ ಒಂದು ಕೈಯಿಂದ ಎದೆ ಮುಟ್ಟಿಕೊಂಡು ಮುಂದೆ ಹೋದ. ಹುಲಿಗೇಶ ಅದನ್ನು ನಮಸ್ಕಾರವೆಂದೇ ತಿಳಿದ.

ಬೋಳು ತಲೆ ಹೊತ್ತು ನಡುಬೀದಿಯಲ್ಲಿ ಹೋಗಲು ನಾಚಿಕೆಯಾಗಿ, ಕಾಲುವೆಯ ದಂಡೆ ಹಿಡಿದು ಸುತ್ತಿ ಬಳಸಿ ಬಂದ. ಉಳ್ಳಾಗಡ್ಡಿ ವಾಸನೆ ಹೋಗಲೆಂದು ಅಲ್ಲೇ ತಲೆ ತೊಳೆದ. ಮನೆಯ ತಿರುವಿಗೆ ಬರುವಷ್ಟರಲ್ಲಿ ಎದುರಿಗೆ ಶಾಮಿಯಾನ. ಕೆಂಪು ಕುರ್ಚಿಗಳ ಸಾಲು. ಕಚೇರಿಯವರೆಲ್ಲ ಕೈಕಟ್ಟಿ ನಿಂತಿದ್ದಾರೆ. ಚೆಂಡುಹೂವಿನ ದೊಡ್ಡ ಹಾರ ಮೇಜಿನ ಮೇಲೆ. ಇಮಾಮಬೀ ಹೆಂಗಸರ ನಡುವೆ ಕುಳಿತು ಅಳುತ್ತಿದ್ದಾಳೆ.

ಹುಲಿಗೇಶ ಓಡಿ ಬಂದ. "ಯಂಕೇಶಾ, ಯಾರು ಹೋದ್ರೋ?"

ಯಂಕೇಶ ಅವನನ್ನು ತಬ್ಬಿಕೊಂಡ. "ಧೈರ್ಯಾ ತಗೋ. ನಿಮ್ಮಪ್ಪ ಗೋಣೆಪ್ಪ ಕಾಕಾ ದೊಡ್ಡ ಜೀವ."

"ನಮ್ಮಪ್ಪ?!"

ಇರಕಲ್ಲಗಡದಿಂದ ಅಪ್ಪ ಅವ್ವ ಬೆಳಗಿನ ಬಸ್ಸಿಗೆ ಹೊರಟಿರಬೇಕಿತ್ತು. ಫೋನು ಮಾಡಿದ. ಅಪ್ಪನ ಫೋನು ಬಂದ್ ಆಗಿತ್ತು. ಇಷ್ಟು ಜನ ಅಳುತ್ತಿರುವಾಗ ಸುಳ್ಳು ಹೇಗಾದೀತು? ಹುಲಿಗೇಶ ನೆಲಕ್ಕೆ ಕುಸಿದು, ಮಗುವಿನಂತೆ ಬಾಯಿಬಿಟ್ಟು ಅತ್ತ. ಕೂದಲಿನ ಚಿಂತೆಯಲ್ಲಿ ಕುಳಿತಿದ್ದಾಗ ತಂದೆಯೇ ಹೋದನಲ್ಲ! ಅಮ್ಮನ ಹೆಸರಿನಲ್ಲಿ ಸುಳ್ಳು ಹೇಳುವ ಮೊದಲೇ ಅವಳು ಕಪಾಳಕ್ಕೆ ಕೊಟ್ಟಳಲ್ಲ!

ಅದೇ ಹೊತ್ತಿಗೆ ಆಟೋ ಬಂದು ನಿಂತಿತು. ರುಮಾಲು ಸುತ್ತಿದ ಗೋಣೆಪ್ಪ ಇಳಿದ. ಹಿಂದೆ ಹೋಳಿಗೆಯ ಬುಟ್ಟಿ ಹೊತ್ತ ಮಾಳವ್ವ. ಬಸ್ಸಿನಲ್ಲಿ ಫೋನು ಹಚ್ಚಿಟ್ಟರೆ ಚಾರ್ಜು ಸುಮ್ಮನೆ ಸುರಿದುಹೋಗುತ್ತದೆಂದು ಬಂದ್ ಮಾಡಿಕೊಂಡು ಬಂದಿದ್ದ ಗೋಣೆಪ್ಪ, ಜನ ನೋಡಿ ತುದಿಯಲ್ಲಿದ್ದವನನ್ನು ಮೆಲ್ಲಗೆ ಕೇಳಿದ:

"ಯಾರು ತೀರಿಕೊಂಡ್ರಪಾ?"

"ಹುಲಿಗೇಶನ ಅಪ್ಪ ಅಂತ್ರಿ."

"ಅಯ್ಯ ಪಾಪ" ಎಂದು ಗೋಣೆಪ್ಪ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಈ ಸೀಮೆಯಲ್ಲಿ ಓಣಿಗೆ ನಾಲ್ಕು ಹುಲಿಗೇಶರು. "ವಯಸ್ಸಾಗಿತ್ತೇನು?"

"ನಿಮ್ಮಷ್ಟ ಇರಬೇಕ್ರಿ."

ಮಾಳವ್ವ ಜನರ ನಡುವೆ ಇಣುಕಿದಳು. ಬೋಳು ತಲೆಯ ಮಗ ನೆಲದಲ್ಲಿ ಹೊರಳುತ್ತಿದ್ದ. "ಏ ಇವನ! ಅವ ನಮ್ಮ ಹುಲಿಗ್ಯಾ! ಅವನ ಅಪ್ಪ ಅಂದ್ರ ನೀನs ಅಲ್ಲೇನೋ!" ಎಂದು ಗಂಡನ ತೋಳು ಹಿಡಿದು ಎಳೆದಳು.

ಗೋಣೆಪ್ಪ ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಂಡ. ಹುಲಿಗೇಶ ತಲೆಯೆತ್ತಿದ. ಮರುಕ್ಷಣ ಮಗ ಅಪ್ಪನ ಕಾಲು ಹಿಡಿದ. "ಅಪ್ಪಾ, ಅದೀಯಲ್ಲ! ಅದೀಯಲ್ಲ!" ಎನ್ನುವುದು ಬಿಟ್ಟರೆ ಬಾಯಿಂದ ಬೇರೆ ಮಾತಿಲ್ಲ. ಅಷ್ಟು ಸಂತೋಷ ಅವನಿಗೆ ತಲೆ ತುಂಬ ಕೂದಲಿದ್ದ ಕಾಲದಲ್ಲೂ ಆಗಿರಲಿಲ್ಲ.

"ಯಂಕೇಶಾ, ನಿನಗ ಯಾರೋ ಹೇಳಿದ್ದು?" ಎಂದು ಯಾರೋ ಗದರಿದರು.

"ಯಾರ ಹೇಳಬೇಕು? ಇವನ ತಲಿನs ಹೇಳತಲ್ರಿ! ಮಗ ಸುಮ್ಮ ಸುಮ್ಮನ ಬೋಳಿಸಿಕೊಳ್ತಾನೇನು?"

ಜನ ನಗಲು ಬಾಯಿ ತೆರೆಯುವಷ್ಟರಲ್ಲಿ ಧೂಳೆಬ್ಬಿಸುತ್ತ ಒಂದು ಜೀಪು ಬಂತು. ರುಮಾಲು ಸುತ್ತಿದ ಮುದಿಯಪ್ಪ ಇಳಿದ. ಹಿಂದೆ ಟೋಪಿ ಹಾಕಿದ ಅವನ ಇಬ್ಬರು ಹಿರಿಯ ಅಳಿಯಂದಿರು, ಕೈಯಲ್ಲಿ ಬಾಳೆಗೊನೆ. ಶುಭಕಾರ್ಯಕ್ಕೆಂದು ಬಂದವರ ಕಣ್ಣಿಗೆ ಬಿದ್ದದ್ದು ಸಾವಿನ ಹಾರ, ಅತ್ತ ಮುಖಗಳು, ಬೋಳು ತಲೆಯ ವರ. ಮುದಿಯಪ್ಪನ ಹೆಜ್ಜೆ ಅಲ್ಲೇ ನಿಂತಿತು.

ಯಂಕೇಶ ಓಡಿ ಹೋಗಿ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಸತ್ತವನು ಜೀವಂತ ಇದ್ದಾನೆಂದು ಸಾಕ್ಷಿಗೆ ಗೋಣೆಪ್ಪನನ್ನು ಮುಂದೆ ನೂಕಿದ. ಮುದಿಯಪ್ಪ ಎಲ್ಲ ಕೇಳಿದ, ನಗಲಿಲ್ಲ. ಕಣ್ಣು ಹುಲಿಗೇಶನ ತಲೆಯ ಮೇಲೇ ಇತ್ತು.

"ಬೀಗರು ಗಟ್ಟಿ ಅದಾರ, ಛಲೋ ಆತು. ಆದರ ತಮ್ಮಾ, ಫೋಟೋದಾಗ ಕೂದಲ ಭಾಳ ಛಂದ ಇದ್ದುವು. ಯಾಕ ತಗಸೀದಿ?"

ಓಣಿಯೆಲ್ಲ ಕಿವಿಯಾಯಿತು. ಇಮಾಮಬೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಿಜ ಹೇಳಿದರೆ ಸುನಿತಾಳ ನಗು ಅಲ್ಲಿಗೆ ಮುಗಿಯಿತು. ಹುಲಿಗೇಶ ಕಣ್ಣು ಮುಚ್ಚಿದ.

"ಹುಲಿಗೆಮ್ಮಗ ಮುಡಿ ಕೊಟ್ಟೀನ್ರಿ ಮಾವಾರ."

ಮುದಿಯಪ್ಪನ ಕಣ್ಣಲ್ಲಿ ನೀರಾಡಿತು. ಮುಂದೆ ಬಂದು ಆ ಬೋಳು ತಲೆಯನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಒತ್ತಿಕೊಂಡ. "ಇಂಥಾ ಕೂದಲ ಅಮ್ಮಗ ಕೊಟ್ಟೀಯಲ್ಲೋ! ಆತು. ಇನ್ನ ಮನಿ ನೋಡೂದ ಬ್ಯಾಡ, ಮಾತ ಬ್ಯಾಡ. ಮಗಳ ನಿನಗs."

ಶಾಮಿಯಾನ ಅಲ್ಲೇ ಇತ್ತು, ಕುರ್ಚಿ ಅಲ್ಲೇ ಇದ್ದವು, ಚಹ ಕುದಿಯುತ್ತಿತ್ತು. ಯಂಕೇಶ ಒಂದು ಕ್ಷಣದಲ್ಲಿ ಮುಖ ಬದಲಿಸಿ ಎಲ್ಲವನ್ನೂ ಒಪ್ಪಿಗೆಯ ಕಾರ್ಯಕ್ಕೆ ತಿರುಗಿಸಿಬಿಟ್ಟ. ಹಾರ ಏನು ಮಾಡುವುದೆಂದು ಎಲ್ಲ ಅನುಮಾನಿಸುತ್ತಿರುವಾಗ ಗೋಣೆಪ್ಪನೇ ಎತ್ತಿ ಕೊರಳಿಗೆ ಹಾಕಿಕೊಂಡ. "ನನಗ ತಂದದ್ದು, ನಾನs ಹಾಕ್ಕೋತೀನಿ. ಜೀವ ಇದ್ದಾಗ ಯಾವಾವ ಹಾಕ್ಯಾನ?" ಅಳಲು ಬಂದವರು ಹೋಳಿಗೆ ಉಂಡರು. ಅಷ್ಟು ಜನ ತನ್ನ ಅಪ್ಪನಿಗಾಗಿ ಬಿಸಿಲಲ್ಲಿ ನಿಂತು ಅತ್ತರಲ್ಲ ಎಂದು ನೆನೆದು ಹುಲಿಗೇಶ ಒಬ್ಬೊಬ್ಬರಿಗೂ ಕೈ ಮುಗಿದು ಬಡಿಸಿದ.

ಅಷ್ಟರಲ್ಲಿ ಹುಬ್ಬಳ್ಳಿಯ ಡಾಕ್ಟರ ಫೋನು ಬಂತು. ಹುಲಿಗೇಶ ಹಿತ್ತಲಿಗೆ ಓಡಿದ.

"ಉದುರಿದುವಾ? ಉದುರಬೇಕು ಕಣ್ರೀ! ನೆಟ್ಟ ಕೂದಲು ಒಮ್ಮೆ ಬಿದ್ದೇ ಹೊಸದು ಹುಟ್ಟೋದು. ಅವತ್ತೇ ಹೇಳಿದ್ದೆ, ನೀವು ಕನ್ನಡಿ ನೋಡಿಕೊಳ್ತಾ ಕೂತಿದ್ರಿ. ಕೆಲವು ತಿಂಗಳಲ್ಲಿ ಚಿಗುರುತ್ತವೆ, ವರ್ಷ ತುಂಬೋ ಹೊತ್ತಿಗೆ ತಲೆ ತುಂಬ ಬರುತ್ತವೆ."

ಹುಲಿಗೇಶನಿಗೆ ಕುಣಿಯಬೇಕೆನಿಸಿತು. ಅಪ್ಪ ಉಳಿದ, ಹುಡುಗಿ ಸಿಕ್ಕಳು, ಕೂದಲೂ ಬರುತ್ತದೆ! ಒಂದೇ ದಿನದಲ್ಲಿ ತಾಯಿ ಎಷ್ಟೆಂದು ಕೊಟ್ಟಾಳು! ಹುಲಿಗಿಯ ದಿಕ್ಕಿಗೆ ಅಡ್ಡಬಿದ್ದು ಎದ್ದು ಒಳಗೆ ಬಂದ.

ಪಡಸಾಲೆಯಲ್ಲಿ ಸೆಕೆ. ಉಂಡು ಕುಳಿತ ಮುದಿಯಪ್ಪ ರುಮಾಲು ಬಿಚ್ಚಿದ. ಇಬ್ಬರು ಅಳಿಯಂದಿರೂ ಟೋಪಿ ತೆಗೆದರು. ಹುಲಿಗೇಶ ಬಾಗಿಲಲ್ಲೇ ನಿಂತ. ಮೂರು ತಲೆ, ಮೂರೂ ನುಣ್ಣಗೆ.

"ಬಾರಪಾ ಅಳಿಯಾ, ಕುಂದ್ರು" ಎಂದ ಮುದಿಯಪ್ಪ. "ಇಷ್ಟ ದಿನ ಹೇಳಾಕ ಅಂಜಿಕಿ ಇತ್ತು. ನಮ್ಮ ಅಜ್ಜ ಹೊಳ್ಯಾಗ ಮುಳುಗಿ ಬದುಕಿದಾಗ ಬೇಡಿಕೊಂಡ ಹರಕಿ. ನಮ್ಮ ಮನ್ಯಾಗ ಗಂಡಸಾದಾವ, ಮಗ ಇರಲಿ ಅಳಿಯ ಇರಲಿ, ವರ್ಷಾ ಅಮ್ಮಗ ಮುಡಿ ಕೊಡಬೇಕು, ಜೀವ ಇರೋ ತನಕ. ಈ ವರ್ಷದ್ದು ನಾವು ಮೊನ್ನೆ ಕೊಟ್ಟು ಬಂದೀವಿ. ಸುನಿತಾನ ನೋಡಿದ ಮೂರು ವರ ಇದ ಮಾತಿಗೆ ಕೂದಲ ಹಿಡಕೊಂಡು ಓಡಿಹೋದ್ರು. ನೀನಾದರೋ ಹೇಳೋಕಿಂತ ಮೊದಲs ಕೊಟ್ಟು ಕುಂತೀದಿ!"

ಹಿರಿಯ ಅಳಿಯ ಸರಿದು ಜಾಗ ಮಾಡಿಕೊಟ್ಟ. "ಬರ್ರಿ ತಮ್ಮಾರ. ಮೊದಲ ವರ್ಷ ತಲಿಗೆ ಥಂಡಿ ಅನಸತೈತಿ, ಆಮ್ಯಾಲೆ ರೂಢಿ ಆಕ್ಕೈತಿ."

ಹುಲಿಗೇಶ ಮೆಲ್ಲಗೆ ಕುಳಿತ. ಮುದಿಯಪ್ಪ ಮಗಳಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟ.

"ಅಪ್ಪ ಎಲ್ಲಾ ಹೇಳಿದ್ರೇನ್ರಿ?" ಸುನಿತಾಳ ದನಿಯಲ್ಲಿ ಸಣ್ಣ ಅಳುಕಿತ್ತು.

"ಹೇಳಿದ್ರು."

"ಖರೇ ಹೇಳ್ರಿ. ನಿಮಗ ಕೂದಲ ಮ್ಯಾಲ ಆಸಿ ಇಲ್ಲಲ್ಲ?"

ಅವನು ಹಿಂದಲೆಯ ಚುಕ್ಕಿಗಳ ಮೇಲೆ ಒಮ್ಮೆ ಬೆರಳಾಡಿಸಿದ.

"ಛೇ ಛೇ, ಎಳ್ಳಷ್ಟೂ ಇಲ್ರಿ."

ಆ ಕಡೆಯಿಂದ ನಗು ಕೇಳಿಸಿತು. ಹುಲಿಗೇಶ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈ ಮುಗಿದ: ಅವ್ವಾ, ನಿನ್ನ ಹೆಸರಿನ ಮ್ಯಾಲ ನಾನು ಸುಳ್ಳು ಹೇಳಿದ್ದು ಒಂದs ಸಲ. ನೀನು ವರ್ಷಾ ವರ್ಷಾ ಅದನ್ನ ಖರೇ ಮಾಡಿಸಿಕೊಳ್ಳಾಕತ್ತಿ. ಆಗಲಿ ತಾಯಿ, ಈ ನಗಿ ಒಂದ ಉಳಸು.