ವಾರಕ್ಕೊಂದೇ ದಿನ ಮೀನು

ನಾನು ನಿಂತಿದ್ದದ್ದು ನಮ್ಮ ಬಾವಿಕಟ್ಟೆಗೂ ಬಸಳೆ ಚಪ್ಪರಕ್ಕೂ ನಡುವೆ, ಗೇಟಿನಿಂದ ಹದಿನಾಲ್ಕು ಹೆಜ್ಜೆ ಒಳಗೆ; ಆಮೇಲೆ ಅಳೆದು ನೋಡಿದ್ದೇನೆ. ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ನಿಂತಿದ್ದೆ ಎನ್ನುವುದಕ್ಕಿಂತ ಅಡಗಿದ್ದೆ ಎನ್ನುವುದು ಸರಿ. ಗಂಗೊಳ್ಳಿಯಿಂದ ಮೀನಿನ ಬುಟ್ಟಿ ಹೊತ್ತು ಗಿರಿಜೆ ಬರುವ ಹೊತ್ತು ಅದು. ಮೀನನ್ನು ಪೂರ್ತಿ ಬಿಟ್ಟವನಿಗೆ ಒಂದು ಗೌರವವಿದೆ, ಕಾರಣ ಕೇಳಿದರೆ ದೇವರನ್ನು ತೋರಿಸಬಹುದು. ಅರ್ಧ ಬಿಟ್ಟವನಿಗೆ ಬಸಳೆ ಚಪ್ಪರವೇ ಗತಿ.

ಬಿಟ್ಟದ್ದು ಅಣ್ಣಯ್ಯನಿಗಾಗಿ. ಅವನು ನಿವೃತ್ತ ಗಣಿತದ ಮಾಸ್ಟ್ರು. ಎದೆನೋವೆಂದು ಆಂಬುಲೆನ್ಸಿನಲ್ಲಿ ಕುಂದಾಪುರಕ್ಕೆ ಹೋಗಿ, ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿ, ಒಂದು ಸಂಜೆ ಸದ್ದಿಲ್ಲದೆ ಮನೆಗೆ ಬಂದಿದ್ದ. ಕೋಳಿ, ಕುರಿ ಬೇಡ. ಮೀನು ವಾರಕ್ಕೆ ಒಂದೆರಡು ದಿನ, ಅದೂ ಹುರಿಯದೆ. ಉಳಿದಂತೆ ತರಕಾರಿ ಎಂದರು ಡಾಕ್ಟರು. ಇಲ್ಲದಿದ್ದರೆ ಇನ್ನೊಂದು ಸಲ ಹೃದಯ ತಡೆಯದು ಎಂದೂ ಹೇಳಿದರು. ನಾನು ಎಚ್ಚರದ ಮನುಷ್ಯ. ಒಂದೆರಡನ್ನು ಒಂದು ಎಂದು ಬರೆದುಕೊಂಡೆ. ಭಾನುವಾರ ಮಾತ್ರ ಎಂದು ಮನೆಗೆಲ್ಲ ಸಾರಿದೆ. ಅಣ್ಣಯ್ಯ ಪಡವಲಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿ, ಬರೀ ಗಂಜಿ ಕುಡಿದು ದಿನದಿನಕ್ಕೆ ಸಣ್ಣಗಾಗತೊಡಗಿದ.

ಇಡೀ ವಾರ ಗಿರಿಜೆ ಕರೆದಾಗಲೆಲ್ಲ ನಾವು ಬಾಗಿಲು ತೆರೆಯಲಿಲ್ಲ. ಭಾನುವಾರ ಗಾಳಿಗೆ ದೋಣಿಗಳು ಹೋಗದೆ ಅವಳೇ ಬರಲಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ಕ್ರಿಯೆ ಮುಗಿಯುವವರೆಗೆ ಮೀನು ಬೇಯುವುದಿಲ್ಲ. ಆಂಬುಲೆನ್ಸು ಹೋದದ್ದನ್ನು ಅವಳು ಕಂಡಿದ್ದಳು. ಮೀನು ಬೇಯದ್ದೂ ಗೊತ್ತಿತ್ತು. ಎರಡನ್ನೂ ಕೂಡಿಸಿಕೊಂಡಳು.

ಆ ಮಂಗಳವಾರ ಅವಳು ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ಸೆರಗು ಹೊದ್ದು ಬಂದು ಜಗಲಿಯ ಮೆಟ್ಟಿಲ ಮೇಲೆ ಕುಳಿತು ಅಳತೊಡಗಿದಳು. "ಎಂಥಾ ಮನ್ಷ್ರ್ ನಮ್ ಮಾಸ್ಟ್ರ್. ಕಿವಿರ್ ಎತ್ತಿ ಕಾಣ್ದೆ ಒಂದ್ ಬಂಗ್ಡೆ ತಕಂಡವ್ರಲ್ಲ. ಆದ್ರೂ ಒಂದ್ ದಿನ ಬೈದವ್ರಲ್ಲ. ಬಿಸ್ಲಲ್ಲ್ ಬಂದ್ರೆ ನೀರ್ ಕುಡ್ದ್ ಹೋಗ್ ಅಂದೇ ಹೇಳ್ತಿದ್ರ್."

ಅತ್ತಿಗೆ ಬಾಗಿಲಿಗೆ ಬಂದು ಬೆರಗಾಗಿ ನಿಂತರು. ನಾನು ಚಪ್ಪರದಿಂದ ಹೊರಬಂದೆ. ಅಷ್ಟರಲ್ಲಿ ಒಳಗಿನಿಂದ ಅಣ್ಣಯ್ಯನ ದನಿ ಕೇಳಿತು: "ಗಿರ್ಜೆ, ನಿಲ್ಲಿಸ್ಬೇಡ. ಇಷ್ಟ್ ಲಾಯ್ಕ್ ನನ್ನ್ ಬಗ್ಗೆ ಯಾರೂ ಮಾತಾಡ್ಲಿಲ್ಲ."

ಗಿರಿಜೆ ಅತ್ತಿಗೆಯ ಹಿಂದೆ ಬಂದು ನಿಂತ ಅವನನ್ನು ನೋಡಿದಳು. ಕಣ್ಣೊರೆಸಿಕೊಂಡು ಸಿಟ್ಟಿನಿಂದಲೇ ಕೇಳಿದಳು: "ಸಾಯ್ದೆ ಇದ್ರೆ ಮೀನ್ ಎಂತಕ್ ಬ್ಯಾಡ?"

"ಸಾಯೂಕಾಗ ಅಂದೇ ಬ್ಯಾಡ ಮಾರಾಯ್ತಿ," ಎಂದರು ಅತ್ತಿಗೆ.

ಆ ಮಧ್ಯಾಹ್ನ ಅಣ್ಣಯ್ಯ ಪಡವಲಕಾಯಿಯನ್ನು ಎರಡು ಸಲ ಹಾಕಿಸಿಕೊಂಡ. ತನಗಾಗಿ ಅಳುವವರಿದ್ದಾರೆಂದು ಗೊತ್ತಾದ ಮೇಲೆ ಅವರನ್ನು ಬೇಗ ಅಳಿಸಬಾರದೆಂದು ತೋರಿತೋ ಏನೋ. ಐದು ತಿಂಗಳು ಹರಿವೆ, ಹೀರೆ, ಸೌತೆ ಎಲ್ಲವನ್ನೂ ತಕರಾರಿಲ್ಲದೆ ತಿಂದ. ಭಾನುವಾರದ ಮೀನಿನ ತುಂಡನ್ನು ಅರ್ಧ ಗಂಟೆ ತಿನ್ನುತ್ತಿದ್ದ, ಮುಳ್ಳುಗಳನ್ನು ತಟ್ಟೆಯ ಬದಿಯಲ್ಲಿ ಸಾಲಾಗಿ ಇಡುತ್ತಿದ್ದ. ಅವನ ಜೊತೆಗೆ ನಾನೂ ಅದೇ ಪಥ್ಯ ಎಂದು ಊರಿಗೆಲ್ಲ ಹೇಳಿಕೊಂಡು ಒಳ್ಳೆಯ ತಮ್ಮ ಎನಿಸಿಕೊಂಡೆ.

ಒಂದು ಶನಿವಾರ ಕೆಲಸವಿದೆಯೆಂದು ಕುಂದಾಪುರಕ್ಕೆ ಹೋಗಿ ಹನ್ನೆರಡೂವರೆಗೆ ಮರಳಿದೆ. ಅಣ್ಣಯ್ಯ ಊಟಕ್ಕೆ ಕುಳಿತಿದ್ದ. ಮುಖ ಬಿಳಿಚಿಕೊಂಡಿತ್ತು. "ಇವತ್ತ್ ಒಂದ್ ತುಂಡ್ ಮೀನ್ ಸಿಕ್ಕೂದಾ? ಎಂತಕೋ ತಿಂಬ ಅನ್ಸ್ತ್," ಎಂದ.

"ಇವತ್ತ್ ಶನಿವಾರ ಅಣ್ಣಯ್ಯ. ನಾಳೆ ಇತ್ತಲ್ಲ," ಎಂದು ನಾನು ಅವನ ತಟ್ಟೆಗೆ ಬೀನ್ಸ್ ಪಲ್ಯ ಬಡಿಸಿದೆ. ಅವನು ಆ ಕೈಯನ್ನು ಹಿಡಿದುಕೊಂಡು ಮೂಗಿನ ಹತ್ತಿರ ಒಯ್ದ.

"ಕಾಣೆ ಮೀನಾ?"

"ಹ್ಞೂಂ," ಎಂದೆ. ಶನಿವಾರವೆಂದೂ ನೋಡದೆ ಹೋಟೆಲಿನಲ್ಲಿ ಎರಡು ಕಾಣೆ ಹುರಿಸಿಕೊಂಡು ತಿಂದಿದ್ದೆ. ಸಾಬೂನಿನಲ್ಲಿ ಎರಡು ಸಲ ತೊಳೆದಿದ್ದೆ.

"ಫ್ರೆಶ್ ಇತ್ತ್," ಎಂದ ಅಣ್ಣಯ್ಯ. ಕೈ ಬಿಡಲಿಲ್ಲ. ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡೇ ಬಲಗೈಯಲ್ಲಿ ಬೀನ್ಸ್ ಪಲ್ಯ ಪೂರ್ತಿ ಉಂಡ.

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಅವನು ಹೋದ. ವಾರಕ್ಕೆ ಎರಡು ದಿನ ಮೀನು ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಡಾಕ್ಟರನ್ನು ನಾನು ಕೇಳಲಿಲ್ಲ. ಗಿರಿಜೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಈ ಸಲ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ತಮ್ಮನಾದವನು ಎಷ್ಟು ನಿಷ್ಠೆಯಿಂದ ಪಥ್ಯ ಮಾಡಿಸಿದ ಎಂದು ಬಂದವರೆಲ್ಲ ನನ್ನನ್ನು ಹೊಗಳಿದರು. ನಾನು ತಲೆಯಾಡಿಸಿದೆ.

ಆ ಶನಿವಾರ ಊಟದ ಹೊತ್ತಿಗೆ ಅಲ್ಲಿದ್ದದ್ದು ನಾವು ಮೂರೇ ಜನ. ನನ್ನನ್ನು ಬಿಟ್ಟರೆ, ಕಂಡವರಲ್ಲಿ ಈಗ ಬದುಕಿರುವುದು ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದ ಅತ್ತಿಗೆ ಒಬ್ಬರು. ಅವರು ಇದುವರೆಗೆ ಯಾರಿಗೂ ಹೇಳಿಲ್ಲ. ಅದಕ್ಕೇ ನಾನು ಬರೆಯಬೇಕಾಯಿತು.